ಒಂದು ಲವಣದ ಮೇಲೆ ನಡೆದ ಜಗಳ, ಈಗ ಕಿರಿದಾಗುತ್ತಿರುವ ಬಾಗಿಲು

2023ರ ಮಾರ್ಚ್ 23. ವಿಶ್ವ ಕ್ಷಯರೋಗ ದಿನದ ಹಿಂದಿನ ದಿನ. ಭಾರತದ ಪೇಟೆಂಟ್ ಕಚೇರಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಒಂದು ಅರ್ಜಿಯನ್ನು ತಿರಸ್ಕರಿಸಿತು. ಬೆಡಾಕ್ವಿಲಿನ್ ಎಂಬ ಕ್ಷಯದ ಔಷಧಕ್ಕೆ ಕಂಪನಿಯ ಬಳಿ ಆಗಲೇ ಪೇಟೆಂಟ್ ಇತ್ತು, ಅದು ಅದೇ ಜುಲೈಗೆ ಮುಗಿಯುವುದಿತ್ತು. ಈ ಅರ್ಜಿ ಅದೇ ಔಷಧದ ಫ್ಯೂಮರೇಟ್ ಲವಣಕ್ಕೆ. ಸಿಕ್ಕಿದ್ದರೆ ಭಾರತದಲ್ಲಿ 2027ರ ಕೊನೆಯವರೆಗೂ ಬೇರೆ ಯಾರೂ ಆ ಮಾತ್ರೆ ಮಾಡುವಂತಿರಲಿಲ್ಲ.

ಅರ್ಜಿಯನ್ನು ವಿರೋಧಿಸಿದ್ದು ಯಾವುದೋ ಎದುರಾಳಿ ಕಂಪನಿ ಮಾತ್ರ ಅಲ್ಲ. ಮುಂಬೈನ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ 2019ರಲ್ಲೇ ತಕರಾರು ಸಲ್ಲಿಸಿದ್ದರು. ಇಬ್ಬರೂ ಕ್ಷಯದಿಂದ ಬದುಕಿ ಬಂದವರು. ಇಬ್ಬರೂ ಕಿವಿ ಕಳೆದುಕೊಂಡವರು. ಕಿವಿ ಹೋಗಿದ್ದು ರೋಗದಿಂದಲ್ಲ, ಚಿಕಿತ್ಸೆಯಿಂದ. ಔಷಧ ನಿರೋಧಕ ಕ್ಷಯಕ್ಕೆ ಆಗ ತಿಂಗಳುಗಟ್ಟಲೆ ಕೊಡುತ್ತಿದ್ದ ಇಂಜೆಕ್ಷನ್‌ಗಳು ಒಳಕಿವಿಯ ಕೋಶಗಳನ್ನೇ ಸಾಯಿಸುತ್ತಿದ್ದವು. ಆ ಇಂಜೆಕ್ಷನ್‌ಗಳ ಜಾಗಕ್ಕೆ ಬರಬಲ್ಲ ಮಾತ್ರೆಯೇ ಬೆಡಾಕ್ವಿಲಿನ್.

ಈಗ ಯಾಕೆ ಈ ಹಳೇ ಕತೆ ಅಂತ ಕೇಳಬಹುದು. ಅವರಿಬ್ಬರು ಒಳಗೆ ಹೋದ ಬಾಗಿಲನ್ನು ಆಮೇಲೆ ಸದ್ದಿಲ್ಲದೆ ಕಿರಿದು ಮಾಡಲಾಗಿದೆ. ಅದನ್ನು ಅರ್ಥ ಮಾಡ್ಕೊಳ್ಳೋಕೆ ಮೊದಲು ಸ್ವಲ್ಪ ರಸಾಯನಶಾಸ್ತ್ರ ಬೇಕು.

ಬೆಡಾಕ್ವಿಲಿನ್ ನಿಜಕ್ಕೂ ದೊಡ್ಡ ಶೋಧ, ಅದರಲ್ಲಿ ಎರಡು ಮಾತಿಲ್ಲ. ಬೆಲ್ಜಿಯಂನ ಜಾನ್ಸನ್ ಲ್ಯಾಬಿನಲ್ಲಿ ಕೋಯೆನ್ ಆಂಡ್ರೀಸ್ ಮತ್ತು ಸಂಗಡಿಗರು ಕ್ಷಯದ ಬ್ಯಾಕ್ಟೀರಿಯಾದ ನಿರುಪದ್ರವಿ ದಾಯಾದಿಯೊಂದರ ಮೇಲೆ ರಾಶಿ ರಾಶಿ ಸಂಯುಕ್ತಗಳನ್ನು ಪರೀಕ್ಷಿಸಿ ಇದನ್ನು ಹುಡುಕಿದರು. 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರತಿ ಜೀವಕೋಶಕ್ಕೂ ಶಕ್ತಿಯ ನಾಣ್ಯ ಎಟಿಪಿ. ಅದನ್ನು ಟಂಕಿಸುವುದು ತಿರುಗುವ ಮೋಟಾರಿನಂಥ ಒಂದು ಪ್ರೋಟೀನು. ಬೆಡಾಕ್ವಿಲಿನ್ ಹೋಗಿ ಕ್ಷಯದ ಬ್ಯಾಕ್ಟೀರಿಯಾದ ಆ ಮೋಟಾರಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ. ಮನುಷ್ಯರ ಮೋಟಾರಿನ ಆಕಾರ ಬೇರೆ, ಹಾಗಾಗಿ ಅಲ್ಲಿ ಅಷ್ಟಾಗಿ ಕೂರಲ್ಲ. ಕ್ಷಯದ ದೊಡ್ಡ ತಲೆನೋವು ಏನಂದ್ರೆ ಬ್ಯಾಕ್ಟೀರಿಯಾ ಬೆಳೆಯೋದು ನಿಲ್ಲಿಸಿ ಮಲಗಿಬಿಡುತ್ತೆ. ಕೋಶ ಒಡೆಯುವ ಹೊತ್ತಲ್ಲಿ ಹೊಡೆಯುವ ಔಷಧಗಳಿಗೆ ಆಗ ಅದು ಸಿಗಲ್ಲ. ಆದರೆ ಮಲಗಿದವರಿಗೂ ಉಸಿರಾಡೋಕೆ ಶಕ್ತಿ ಬೇಕಲ್ಲ! ಅಮೆರಿಕದ ಎಫ್‌ಡಿಎ 2012ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಾಗ, ನಲವತ್ತು ವರ್ಷಗಳಲ್ಲಿ ಕ್ಷಯಕ್ಕೆ ಬಂದ ಮೊದಲ ಹೊಸ ಬಗೆಯ ಔಷಧ ಇದಾಗಿತ್ತು.

ಇನ್ನು ಲವಣದ ವಿಷಯ. ಮನೆಯಲ್ಲಿರೋ ಯಾವುದಾದರೂ ಮಾತ್ರೆ ಸ್ಟ್ರಿಪ್ ತಿರುಗಿಸಿ ಓದಿ. ಮೆಟ್ಫಾರ್ಮಿನ್ ಹೈಡ್ರೋಕ್ಲೋರೈಡ್, ಆಮ್ಲೋಡಿಪಿನ್ ಬೆಸಿಲೇಟ್, ಕ್ಲೋರ್‌ಫೆನಿರಮಿನ್ ಮ್ಯಾಲಿಯೇಟ್. ಹೆಸರಿನ ಮೊದಲ ಅರ್ಧ ಕೆಲಸ ಮಾಡುವ ಔಷಧ, ಎರಡನೆಯದು ಅದರ ಜೊತೆಗಾರ ಆಮ್ಲದ ಗುರುತು. ಪ್ರತ್ಯಾಮ್ಲ ಗುಣದ ಅಣುವನ್ನು ಆಮ್ಲದ ಜೊತೆ ಸೇರಿಸಿ ಲವಣ ಮಾಡಿದರೆ ಸಾಮಾನ್ಯವಾಗಿ ಚೆನ್ನಾಗಿ ಕರಗುತ್ತೆ, ಕೆಡದೆ ಉಳಿಯುತ್ತೆ, ಮಾತ್ರೆ ಒತ್ತೋಕೆ ಸುಲಭ. ಹತ್ತಾರು ಪರಿಚಿತ ಆಮ್ಲಗಳನ್ನು ಒಂದೊಂದಾಗಿ ಹಾಕಿ ನೋಡಿ ಒಳ್ಳೇದನ್ನು ಆರಿಸೋದು ಔಷಧ ಕಂಪನಿಗಳಲ್ಲಿ ದಿನನಿತ್ಯದ ಕೆಲಸ. ಕೆಲಸ ಬೇಕಾದ್ದೇ, ಆದರೆ ಅದಕ್ಕೆ ಇನ್ನೂ ನಾಲ್ಕೂವರೆ ವರ್ಷದ ಏಕಸ್ವಾಮ್ಯ ಕೊಡಬೇಕಾ?

ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಇದಕ್ಕೆ ಉತ್ತರ ಬರೆದಿಟ್ಟಿದೆ. 2005ರಲ್ಲಿ ಔಷಧಗಳಿಗೆ ಮತ್ತೆ ಉತ್ಪನ್ನ ಪೇಟೆಂಟ್ ಕೊಡಲೇಬೇಕಾಗಿ ಬಂದಾಗ, ಎಡಪಕ್ಷಗಳ ಮತ್ತು ಆರೋಗ್ಯ ಹೋರಾಟಗಾರರ ಒತ್ತಡದಲ್ಲಿ ಸಂಸತ್ತು ಈ ಸೆಕ್ಷನ್ನನ್ನು ಬಿಗಿ ಮಾಡಿತು: ಗೊತ್ತಿರುವ ವಸ್ತುವಿನ ಹೊಸ ಲವಣ, ಹೊಸ ಹರಳುರೂಪ ಇತ್ಯಾದಿಗಳು ಪರಿಣಾಮದಲ್ಲಿ ಗಮನಾರ್ಹ ಹೆಚ್ಚಳ ತೋರಿಸದೇ ಇದ್ದರೆ ಅದು ಆವಿಷ್ಕಾರವಲ್ಲ. 2013ರ ಏಪ್ರಿಲ್ 1ರಂದು ನೊವಾರ್ಟಿಸ್‌ನ ಗ್ಲಿವೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಔಷಧದ ಮಟ್ಟಿಗೆ ಪರಿಣಾಮ ಅಂದರೆ ರೋಗ ಗುಣಪಡಿಸುವ ಪರಿಣಾಮ, ಹೆಚ್ಚು ಚೆನ್ನಾಗಿ ಕರಗುತ್ತೆ ಅನ್ನೋದಷ್ಟೇ ಸಾಲದು ಎಂದಿತು. ಬೆಡಾಕ್ವಿಲಿನ್ ಲವಣ ಬಿದ್ದಿದ್ದೂ ಇದೇ ಹಾದಿಯಲ್ಲಿ.

ಇದರಿಂದ ಆದದ್ದೇನು? ಆರಂಭದ ವರ್ಷಗಳಲ್ಲಿ ಕಂಪನಿ ಆರು ತಿಂಗಳ ಕೋರ್ಸಿಗೆ ಮೂರು ಬೆಲೆ ಇಟ್ಟಿತ್ತು: ಶ್ರೀಮಂತ ದೇಶಗಳಿಗೆ 30,000 ಡಾಲರ್, ಮಧ್ಯಮ ಆದಾಯದವಕ್ಕೆ 3,000, ಬಡವಕ್ಕೆ 900. ಒತ್ತಡ ಹೆಚ್ಚಿದಂತೆ ಇಳಿದು ಇಳಿದು 272ಕ್ಕೆ ಬಂತು. 2023ರ ಜುಲೈನಲ್ಲಿ ಮೂಲ ಪೇಟೆಂಟ್ ಮುಗಿಯಿತು. ಆಗಸ್ಟ್ ಕೊನೆಗೆ ಗ್ಲೋಬಲ್ ಡ್ರಗ್ ಫೆಸಿಲಿಟಿಯ ಟೆಂಡರಿನಲ್ಲಿ ಭಾರತದ ಲುಪಿನ್ 194 ಡಾಲರ್ ಅಂದಿತು, ಜಾನ್ಸನ್ ತಾನೇ 130ಕ್ಕೆ ಇಳಿಯಿತು. ಅದೇ ಮಾತ್ರೆ, ಅದೇ ಕಂಪನಿ. ಪೈಪೋಟಿ ಬಂದ ಮೇಲೆ ಅರ್ಧಕ್ಕೂ ಕಡಿಮೆ ಬೆಲೆ. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸ್ಪರ್ಧಾ ಆಯೋಗ ತನಿಖೆ ಶುರು ಮಾಡಿತು. ಸ್ವಲ್ಪ ದಿನದಲ್ಲೇ ಕಂಪನಿ, 134 ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ತನ್ನ ಎರಡನೇ ಸಾಲಿನ ಪೇಟೆಂಟುಗಳನ್ನು ಚಲಾಯಿಸುವುದಿಲ್ಲ ಎಂದು ಘೋಷಿಸಿತು.

ಸಂಶೋಧನೆಗೆ ಸುರಿದ ದುಡ್ಡು ವಾಪಸ್ ಬರೋದು ಬೇಡವಾ ಅನ್ನೋ ಪ್ರಶ್ನೆ ಇಲ್ಲಿ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆಯೇ. ಆದರೆ ಯಾರ ದುಡ್ಡು? 2020ರಲ್ಲಿ 'ಪ್ಲೋಸ್ ಒನ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಹಾಕಿತು: ಬೆಡಾಕ್ವಿಲಿನ್ ಬೆಳವಣಿಗೆಗೆ ಸಾರ್ವಜನಿಕ ಹಣ ಕಂಪನಿಯ ಹೂಡಿಕೆಗಿಂತ ಸುಮಾರು ಒಂದೂವರೆಯಿಂದ ಐದು ಪಟ್ಟು ಹೆಚ್ಚು. ಸೋತ ಅಣುಗಳ ಖರ್ಚು, ಬಂಡವಾಳದ ಬಡ್ಡಿ ಎಲ್ಲ ಸೇರಿಸಿದರೆ ಕಂಪನಿಯ ಪಾಲು ದೊಡ್ಡದಾಗುತ್ತೆ, ನಿಜ. ಹಾಗಂತ ತೆರಿಗೆದಾರರ ಪಾಲು ಮಾಯವಾಗಲ್ಲ.

ಭಾರತದ ಸರ್ಕಾರವನ್ನು ಇಲ್ಲಿ ಹೀರೋ ಮಾಡೋಕೆ ನನಗೆ ಮನಸ್ಸಿಲ್ಲ. 2016ರಲ್ಲಿ ಬೆಡಾಕ್ವಿಲಿನ್ ಕೊಡೋಕೆ ಶುರು ಮಾಡಿದಾಗ ದೇಶಕ್ಕೆಲ್ಲ ಆರೇ ಆಸ್ಪತ್ರೆ. ದೆಹಲಿ, ಮುಂಬೈ, ಚೆನ್ನೈ, ಅಹಮದಾಬಾದ್, ಗುವಾಹಟಿಗಳಲ್ಲಿ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇರುವ ಬೆಂಗಳೂರು ಆ ಪಟ್ಟಿಯಲ್ಲಿ ಇರಲಿಲ್ಲ. ಪಾಟ್ನಾದ 18 ವರ್ಷದ ಹುಡುಗಿಯೊಬ್ಬಳಿಗೆ ದೆಹಲಿಯಲ್ಲಿ ಔಷಧ ಸಿಗಲಿಲ್ಲ, ಆಕೆ ದೆಹಲಿಯವಳಲ್ಲ ಎಂಬುದೂ ಒಂದು ಕಾರಣ. ಅಪ್ಪ ಹೈಕೋರ್ಟಿಗೆ ಹೋಗಿ 2017ರ ಜನವರಿಯಲ್ಲಿ ಔಷಧ ಪಡೆದರು. ತಡವಾಗಿತ್ತು, 2018ರಲ್ಲಿ ಆಕೆ ತೀರಿಕೊಂಡಳು. ಎಚ್ಚರಿಕೆಗೆ ಕಾರಣವೇ ಇರಲಿಲ್ಲ ಅಂತಲ್ಲ. ಮೊದಲ ದೊಡ್ಡ ಪ್ರಯೋಗದಲ್ಲಿ ಬೆಡಾಕ್ವಿಲಿನ್ ತಗೊಂಡ 79 ಜನರಲ್ಲಿ 10 ಸಾವು, ತಗೊಳ್ಳದ 81ರಲ್ಲಿ 2. ಹೃದಯದ ಬಡಿತದ ಲಯದ ಮೇಲೆ ಔಷಧದ ಪ್ರಭಾವವೂ ಗೊತ್ತಿತ್ತು. ಆದರೆ ಅಂಥ ಎಚ್ಚರಿಕೆಗೆ ಇಸಿಜಿ ತೆಗೆದು ನೋಡಬೇಕೇ ಹೊರತು ವಿಳಾಸದ ದಾಖಲೆ ಕೇಳೋದಲ್ಲ.

ಆಮೇಲಿನ ಪ್ರಯೋಗಗಳು ಆ ಭಯವನ್ನು ಬಹುಮಟ್ಟಿಗೆ ಕಳೆದವು. 2022ರ ಕೊನೆಗೆ ಪ್ರಕಟವಾದ ಟಿಬಿ-ಪ್ರಾಕ್ಟಿಕಲ್ ಪ್ರಯೋಗದಲ್ಲಿ ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ನಾಲ್ಕನ್ನು ಆರು ತಿಂಗಳು ಕೊಟ್ಟಾಗ 89% ಜನರಿಗೆ ಚಿಕಿತ್ಸೆ ಫಲಿಸಿತು, ಹಳೇ ಪದ್ಧತಿಯಲ್ಲಿ 52%. ಹಳೇದಕ್ಕೆ ಇಪ್ಪತ್ತು ತಿಂಗಳವರೆಗೂ ಹಿಡಿಯುತ್ತಿತ್ತು. ಭಾರತ ಈ ಪದ್ಧತಿಗೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇಂಜೆಕ್ಷನ್ ಇಲ್ಲ. 2023ರಲ್ಲಿ ಜಗತ್ತಿನಲ್ಲಿ ಕ್ಷಯದಿಂದ ಸತ್ತವರು ಸುಮಾರು 12.5 ಲಕ್ಷ, ಹೊಸ ರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವರು ಅನ್ನೋದನ್ನ ಇದರ ಪಕ್ಕ ಇಟ್ಟು ನೋಡಿ.

ಈಗ ಬಾಗಿಲಿನ ವಿಷಯ. ಪೇಟೆಂಟ್ ಕಾಯ್ದೆಯ ಸೆಕ್ಷನ್ 25(1)ರ ಪ್ರಕಾರ ಪೇಟೆಂಟ್ ಕೊಡುವ ಮುಂಚೆ ಯಾರು ಬೇಕಾದರೂ ತಕರಾರು ಹಾಕಬಹುದು. ರೋಗಿ, ವಿದ್ಯಾರ್ಥಿ, ಸಂಘಟನೆ, ಯಾರಾದರೂ. ನಂದಿತಾ ಮತ್ತು ಫುಮೇಜಾ ಬಳಸಿದ್ದು ಇದನ್ನೇ. 2024ರ ಮಾರ್ಚ್ 15ರಂದು ಕೇಂದ್ರ ಸರ್ಕಾರ ಪೇಟೆಂಟ್ ನಿಯಮಗಳಿಗೆ ತಿದ್ದುಪಡಿ ತಂದಿತು. ಮುಂಚೆ ಉಚಿತವಾಗಿದ್ದ ತಕರಾರಿಗೆ ಈಗ ಶುಲ್ಕ. ತಕರಾರು ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿ ಮೊದಲೇ ತೀರ್ಮಾನಿಸಬಹುದು, ಅಂದ್ರೆ ಬಾಗಿಲಲ್ಲೇ ತಡೆಯಬಹುದು. ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಎಷ್ಟು ಬಳಸಿದ್ದಾರೆ ಎಂದು ವರ್ಷವರ್ಷ ಸಲ್ಲಿಸಬೇಕಿದ್ದ ಫಾರ್ಮ್ 27 ಇನ್ನು ಮೂರು ವರ್ಷಕ್ಕೊಮ್ಮೆ.

ಬೋರಿಂಗ್ ಕಾಗದಪತ್ರ ಅನ್ನಿಸಬಹುದು. ಆದರೆ 2012ರಲ್ಲಿ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧಕ್ಕೆ ದೇಶದ ಮೊದಲ ಕಡ್ಡಾಯ ಪರವಾನಗಿ ಕೊಟ್ಟಾಗ, ಬೇಯರ್ ಕಂಪನಿ ಔಷಧವನ್ನು ಎಷ್ಟು ಕಡಿಮೆ ಜನರಿಗೆ ತಲುಪಿಸಿದೆ ಅನ್ನೋದನ್ನು ತೋರಿಸಿದ್ದು ಇದೇ ಫಾರ್ಮ್ 27ರ ಅಂಕಿಅಂಶ. ತಿಂಗಳಿಗೆ 2.8 ಲಕ್ಷ ಇದ್ದದ್ದನ್ನು ನ್ಯಾಟ್ಕೊ 8,800 ರೂಪಾಯಿಗೆ ಕೊಟ್ಟಿತು. ಆಮೇಲೆ ಇನ್ನೊಂದು ಕಡ್ಡಾಯ ಪರವಾನಗಿಯನ್ನು ಭಾರತ ಕೊಟ್ಟೇ ಇಲ್ಲ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ, ಔಷಧ ಜನರಿಗೆ ತಲುಪಿಸಲು ಕಂಪನಿಗಳೇ ಸ್ವಯಂಪ್ರೇರಿತವಾಗಿ ಕೊಡುವ ಪರವಾನಗಿಯೇ ಅತ್ಯುತ್ತಮ ಮಾರ್ಗ ಎಂದು ಎರಡೂ ದೇಶಗಳು ಒಪ್ಪಿಕೊಂಡಿವೆ. 3(ಡಿ)ಯನ್ನು ಯಾರೂ ಮುಟ್ಟಿಲ್ಲ, ಮುಟ್ಟಿದರೆ ಗಲಾಟೆ ಆಗುತ್ತೆ ಅಂತ ಎಲ್ಲರಿಗೂ ಗೊತ್ತು. ಅದನ್ನು ಬಳಸುವ ದಾರಿಗಳನ್ನು ಒಂದೊಂದೇ ದುಬಾರಿ ಮಾಡಿದರೆ ಸಾಕು.

ಅಷ್ಟರಲ್ಲಿ ಬೆಡಾಕ್ವಿಲಿನ್‌ಗೂ ವಯಸ್ಸಾಗುತ್ತಿದೆ. ಅದು ಕೊಬ್ಬಿಗೆ ಅಂಟಿಕೊಳ್ಳುವ ಅಣು, ದೇಹದಿಂದ ಪೂರ್ತಿ ಹೋಗೋಕೆ ತಿಂಗಳುಗಳೇ ಬೇಕು. ರೋಗಿ ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಸಣ್ಣ ಪ್ರಮಾಣದ ಔಷಧ ಒಂಟಿಯಾಗಿ ಉಳಿದು, ಬ್ಯಾಕ್ಟೀರಿಯಾಕ್ಕೆ ಪ್ರತಿರೋಧ ಕಲಿಯೋಕೆ ಪಾಠಶಾಲೆ ಆಗಿಬಿಡುತ್ತೆ. ಔಷಧವನ್ನು ಹೊರದಬ್ಬುವ ಪಂಪನ್ನು ಜೋರು ಮಾಡಿಕೊಂಡ ತಳಿಗಳು ಆಗಲೇ ಕಾಣಿಸಿಕೊಂಡಿವೆ. ಹಾಗಾಗಿ ಅದೇ ಕುಟುಂಬದ ಹೊಸ ಅಣುಗಳು ತಯಾರಾಗುತ್ತಿವೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಸಾಯನಜ್ಞರು ಟಿಬಿ ಅಲಯನ್ಸ್ ಎಂಬ ಲಾಭರಹಿತ ಸಂಸ್ಥೆಯ ಜೊತೆ ರೂಪಿಸಿದ ಟಿಬಿಎಜೆ-876 ರೋಗಿಗಳ ಮೇಲಿನ ಎರಡನೇ ಹಂತದ ಪ್ರಯೋಗಕ್ಕೆ ಬಂದಿದೆ. ಕೊಬ್ಬಿನ ಒಲವು ಕಡಿಮೆ, ಹೃದಯದ ಮೇಲಿನ ಪರಿಣಾಮವೂ ಕಡಿಮೆ ಇರಲಿ ಅಂತಲೇ ಅದರ ರಚನೆ ತಿದ್ದಿದ್ದು. ಬೇರೆಯದೇ ಗುರಿ ಇರುವ ಟಿಬಿಎ-7371 ಎಂಬ ಅಣು ಹುಟ್ಟಿದ್ದು ಬೆಂಗಳೂರಿನಲ್ಲಿ, ಆಸ್ಟ್ರಾಜೆನೆಕಾದ ಲ್ಯಾಬಿನಲ್ಲಿ. ಕ್ಷಯದಲ್ಲಿ ಲಾಭ ಕಾಣದ ಕಂಪನಿ 2014ರಲ್ಲಿ ಆ ಸಂಶೋಧನಾ ಕೇಂದ್ರವನ್ನೇ ಮುಚ್ಚಿತು. ಅಣು ಮಾತ್ರ ಟಿಬಿ ಅಲಯನ್ಸ್ ಕೈಸೇರಿ ಮನುಷ್ಯರ ಮೇಲಿನ ಪ್ರಯೋಗದವರೆಗೆ ಹೋಯಿತು.

ಈ ಹೊಸ ಅಣುಗಳಲ್ಲಿ ಯಾವುದು ಗೆದ್ದರೂ ಮಾತ್ರೆಯಾಗುವ ಮುಂಚೆ ಅದಕ್ಕೊಂದು ಲವಣ, ಒಂದು ಹರಳುರೂಪ ಆರಿಸಲೇಬೇಕು. ಅದರ ಮೇಲೂ ಅರ್ಜಿ ಬೀಳಬಹುದು. ಆಗ ತಕರಾರು ಹಾಕೋಕೆ ಹೊರಟ ರೋಗಿಯೊಬ್ಬರು ಶುಲ್ಕ ಕಟ್ಟಿ, ವಕೀಲರನ್ನು ಹಿಡಿದು, ತಮ್ಮ ಮಾತು ಕೇಳಲು ಯೋಗ್ಯ ಎಂದು ಮೊದಲು ಅಧಿಕಾರಿಗೆ ಒಪ್ಪಿಸಬೇಕು. ಔಷಧಶಾಸ್ತ್ರದ ವಾದ ಅದಾದ ಮೇಲೆ.