ಯೋಧನ ಹೆಂಡತಿಗೆ ಮನೆ ಕೊಡುವುದಿಲ್ಲ ಎಂದರೆ ಕೇಳುವವರು ಯಾರು?

‘ನೀವು ಯಾವ ಪೈಕಿ? ಮೀನು ಮಾಡ್ತೀರಾ? ಯಜಮಾನ್ರು ಜೊತೆಗೆ ಇರೂದಿಲ್ವಾ?’ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬ ಮಾತು ಬರುವುದು ಇವೆಲ್ಲ ಮುಗಿದ ಮೇಲೆ. ಉತ್ತರ ಕನ್ನಡದಲ್ಲಿ ಶರಾವತಿಯ ನಡುವಿನ ಮಾವಿನಕುರ್ವೆಯಲ್ಲಿ ಬೆಳೆದ ಹುಡುಗಿಗೆ ಊರಲ್ಲಿ ಈ ಪ್ರಶ್ನೆಗಳು ಎದುರಾಗುವುದಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ಅವಳೇ ಸೈನಿಕನನ್ನು ಮದುವೆಯಾಗಿ ಬೆಳಗಾವಿಗೋ ಪುಣೆಗೋ ಹೋದಳೆನ್ನಿ. ಗಂಡನಿಗೆ ಗಡಿಗೆ ವರ್ಗವಾಗಿ, ಕ್ವಾರ್ಟರ್ಸ್ ಸಿಗದೆ ಹೋದರೆ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಹುಡುಕಬೇಕಾದವಳು ಅವಳೇ. ಕೊಡುವುದಿಲ್ಲ ಎಂದ ಮಾಲೀಕ ಕಾರಣ ಹೇಳಬೇಕಾಗಿಲ್ಲ. ಕಾನೂನು ಬಹುಮಟ್ಟಿಗೆ ಅವನನ್ನು ಕೇಳುವುದೂ ಇಲ್ಲ.

ಕೇಳಲೇಬೇಕು. ಹೇಗೆ ಕೇಳಬಹುದೆಂಬುದಕ್ಕೆ ಅಮೆರಿಕದ ಕಪ್ಪು ಸೈನಿಕರ ಹೆಂಡಂದಿರ ಕಥೆಯನ್ನು ನೋಡಬೇಕು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಒಂದು ಒಳ್ಳೆಯ ಕಾಯ್ದೆ ಇತ್ತು. ತಿಂಗಳಿಗೆ 80 ಡಾಲರ್ ಮೀರದ ಬಾಡಿಗೆಯ ಮನೆಯಿಂದ ಸೈನಿಕನ ಹೆಂಡತಿ ಮಕ್ಕಳನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಹೊರಹಾಕುವಂತಿಲ್ಲ ಎಂದು 1940ರಲ್ಲೇ ಬರೆದಿಟ್ಟಿದ್ದರು. ಆದರೆ ಹೊರಹಾಕಬೇಕಾದರೆ ಮೊದಲು ಒಳಗೆ ಬಿಟ್ಟುಕೊಂಡಿರಬೇಕಲ್ಲ! ಕಪ್ಪು ಹೆಂಗಸಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. 92 ಮತ್ತು 93ನೇ ಡಿವಿಜನ್‌ಗಳ ಕಪ್ಪು ಯೋಧರು ತರಬೇತಿ ಪಡೆದ ಫೋರ್ಟ್ ಹುವಾಚುಕಾ ಇದ್ದದ್ದು ಅರಿಜೋನಾದ ಮರುಭೂಮಿಯಲ್ಲಿ. ಗಂಡ ಹಡಗು ಹತ್ತುವ ಮೊದಲು ನಾಲ್ಕು ದಿನ ಜೊತೆಗಿರೋಣವೆಂದು ಬಂದವರಿಗೆ ಸುತ್ತಮುತ್ತ ತಲೆಯ ಮೇಲೊಂದು ಸೂರು ಸಿಗುವುದೇ ಕಷ್ಟವಾಗಿತ್ತು.

ಕಾರ್ಖಾನೆಗಳಲ್ಲಿ ಯುದ್ಧಸಾಮಗ್ರಿ ತಯಾರಿಸುತ್ತಿದ್ದ ಕಪ್ಪು ಜನರ ಕುಟುಂಬಗಳ ಪಾಡೂ ಬೇರೆಯಿರಲಿಲ್ಲ. ಡೆಟ್ರಾಯಿಟ್‌ನಲ್ಲಿ ಸರ್ಕಾರವೇ ಅವರಿಗಾಗಿ ಸೋಜರ್ನರ್ ಟ್ರೂತ್ ಹೋಮ್ಸ್ ಎಂಬ 200 ಮನೆಗಳ ಬಡಾವಣೆ ಕಟ್ಟಿತು. 1942ರ ಫೆಬ್ರವರಿ 28ರಂದು ಸಾಮಾನು ತುಂಬಿದ ಲಾರಿಗಳೊಂದಿಗೆ ಬಂದ ಕಪ್ಪು ಕುಟುಂಬಗಳನ್ನು ಬಿಳಿಯರ ಗುಂಪು ಕಲ್ಲು, ದೊಣ್ಣೆ ಹಿಡಿದು ತಡೆಯಿತು. ಹಿಂದಿನ ರಾತ್ರಿಯೇ ಪಕ್ಕದ ಬಯಲಿನಲ್ಲಿ ಶಿಲುಬೆ ಸುಟ್ಟು ಹೆದರಿಸಿದ್ದರು. ಆ ಕುಟುಂಬಗಳು ಒಳಗೆ ಕಾಲಿಟ್ಟದ್ದು ಏಪ್ರಿಲ್ ಕೊನೆಯಲ್ಲಿ, ಪೊಲೀಸರ ಮತ್ತು ರಾಜ್ಯದ ಪಡೆಗಳ ಕಾವಲಿನಲ್ಲಿ.

ಯುದ್ಧ ಗೆದ್ದು ಬಂದ ಮೇಲಾದರೂ ಮನೆ ಸಿಕ್ಕಿತೇ? 1944ರ ಜಿಐ ಮಸೂದೆ ಮಾಜಿ ಸೈನಿಕರಿಗೆಲ್ಲ ಸಾಲಕ್ಕೆ ಖಾತರಿ ಕೊಟ್ಟಿತು. ಅದರಲ್ಲಿ ಬಣ್ಣದ ಮಾತೇ ಇರಲಿಲ್ಲ. ಸಾಲ ಕೊಡುವುದು ಮಾತ್ರ ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಮನೆ, ವ್ಯಾಪಾರ, ಹೊಲಕ್ಕೆಂದು ಖಾತರಿ ಸಿಕ್ಕ 3,229 ಸಾಲಗಳ ಪೈಕಿ ಕಪ್ಪು ಯೋಧರ ಪಾಲಿಗೆ ಬಂದದ್ದು ಎರಡೇ ಎರಡು.

ಎಡ್ವರ್ಡ್ ಬ್ರೂಕ್ ಇಟಲಿಯಲ್ಲಿ ಕಾದಾಡಿ ಬಂದ ಕಪ್ಪು ಅಧಿಕಾರಿ. ಮುಂದೆ ಮ್ಯಾಸಚೂಸೆಟ್ಸ್‌ನಿಂದ ಸೆನೆಟ್‌ಗೆ ಆಯ್ಕೆಯಾದವರು. ಯುದ್ಧದಿಂದ ಮರಳಿದ ತನಗೆ ಬಣ್ಣದ ಕಾರಣಕ್ಕೆ ಹೆಂಡತಿಗೆ ಒಪ್ಪುವ ಮನೆ ಸಿಗಲಿಲ್ಲ ಎಂಬುದನ್ನು ಅವರು ಸೆನೆಟ್‌ನಲ್ಲೇ ನಿಂತು ಹೇಳಿದರು. ವಾಲ್ಟರ್ ಮಾಂಡೇಲ್ ಜೊತೆಗೂಡಿ ಅವರು ಮಂಡಿಸಿದ ವಸತಿ ಸಮಾನತೆಯ ಮಸೂದೆ 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರದಲ್ಲೇ ಕಾಯ್ದೆಯಾಯಿತು.

ಅದಕ್ಕೂ ಮೊದಲೇ ಒಂದು ಮುಖ್ಯವಾದ ಕೆಲಸ ನಡೆದಿತ್ತು. ವಿಯೆಟ್ನಾಂ ಯುದ್ಧದ ನಡುವೆ, 1967ರ ಜೂನ್‌ನಲ್ಲಿ, ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಒಂದು ಆದೇಶ ಹೊರಡಿಸಿದರು. ಮೇರಿಲ್ಯಾಂಡ್‌ನ ಆಂಡ್ರ್ಯೂಸ್ ವಾಯುನೆಲೆಯ ಸುತ್ತ ಕಪ್ಪು ಸೈನಿಕರಿಗೆ ಮನೆ ಕೊಡದ ವಸತಿ ಸಮುಚ್ಚಯಗಳನ್ನು ಯಾವ ಬಣ್ಣದ ಸೈನಿಕನೂ ಹೊಸದಾಗಿ ಬಾಡಿಗೆಗೆ ಹಿಡಿಯುವಂತಿಲ್ಲ ಎಂಬುದೇ ಆ ಆದೇಶ. ಮಾಲೀಕರ ಮನಸ್ಸು ಬದಲಾಗಲೆಂದು ಸೇನೆ ಕಾಯುತ್ತ ಕೂರಲಿಲ್ಲ, ಬಾಡಿಗೆಗೇ ಕೈಹಾಕಿತು.

ನಮ್ಮಲ್ಲಿಗೆ ಬರೋಣ. ಯೋಧನ ಬಗ್ಗೆ ನಮ್ಮ ಕಾನೂನಿಗೆ ಕಾಳಜಿ ಇಲ್ಲವೆಂದಲ್ಲ. ಗಡಿಯಲ್ಲಿರುವ ಸೈನಿಕನ ವಿರುದ್ಧ ಅವನಿಲ್ಲದ ಹೊತ್ತು ನೋಡಿ ಸಿವಿಲ್ ದಾವೆ ಮುಗಿಸಿಬಿಡದಂತೆ 1925ರ ಕಾಯ್ದೆಯೊಂದು ತಡೆಯುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ, ಸೇನೆಯಿಂದ ನಿವೃತ್ತನಾದವನು ಬಾಡಿಗೆಗೆ ಕೊಟ್ಟ ತನ್ನ ಮನೆಯನ್ನು ಬೇಗ ಬಿಡಿಸಿಕೊಳ್ಳಲು ದಾರಿಯಿದೆ. ಅಂದರೆ ಸ್ವಂತ ಮನೆಯಿದ್ದವನಿಗೆ ರಕ್ಷಣೆಯಿದೆ. ಮನೆ ಹುಡುಕುತ್ತಿರುವ ಹೆಂಡತಿಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ.

ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ರಸ್ತೆಗಳಲ್ಲಿ ಭೇದ ಮಾಡುವಂತಿಲ್ಲ ಎನ್ನುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿ ಬರುವುದಿಲ್ಲ. 2005ರಲ್ಲಿ ಜೋರಾಷ್ಟ್ರಿಯನ್ ಸಹಕಾರ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದೇ ಸಮುದಾಯಕ್ಕೆ ಸದಸ್ಯತ್ವ ಕೊಡುವ ಉಪನಿಯಮವನ್ನು ಎತ್ತಿಹಿಡಿಯಿತು. ಅಮೆರಿಕದ ಸುಪ್ರೀಂ ಕೋರ್ಟು, ಕಪ್ಪು ಜನರಿಗೆ ಮನೆ ಮಾರಬಾರದೆಂಬ ಖಾಸಗಿ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದದ್ದು 1948ರಷ್ಟು ಹಿಂದೆ.

ಉತ್ತರ ಕನ್ನಡಕ್ಕೆ ಮೈಬಣ್ಣದ ಈ ಭೇದ ದೂರದ ಸಂಗತಿಯಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ, ಕನ್ನಡ, ಕೊಂಕಣಿ ಆಡುತ್ತಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹೊರಗಿನ ಊರಿಗೆ ಹೋದರೆ ಇಂದಿಗೂ ಅವರನ್ನು ‘ಯಾವ ದೇಶದವರು?’ ಎಂದು ಕೇಳುವವರಿದ್ದಾರೆ. ಸಿದ್ದಿ ಯೋಧನ ಹೆಂಡತಿ ಬೆಂಗಳೂರಿನಲ್ಲಿ ಒಬ್ಬಳೇ ಮನೆ ಕೇಳಿದರೆ ಸಿಗುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ.

ಇದೇ ಜಿಲ್ಲೆಯಲ್ಲಿ ದೇಶದ ದೊಡ್ಡ ನೌಕಾನೆಲೆಯೂ ಇದೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗೆ ಕಾರವಾರ, ಅಂಕೋಲಾದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಂಡೆ ಬಿಟ್ಟುಕೊಟ್ಟು, ಪರಿಹಾರಕ್ಕೆ ದಶಕಗಳ ಕಾಲ ಅಲೆದವು. ಅವರು ಕೊಟ್ಟ ನೆಲದಲ್ಲಿ 2005ರಿಂದ ಐಎನ್‌ಎಸ್ ಕದಂಬ ನಿಂತಿದೆ. ಈಗ ಎರಡನೇ ಹಂತದ ವಸತಿಗೃಹಗಳೂ ಏಳುತ್ತಿವೆ. ಆದರೂ ದೇಶದ ನಾನಾ ಮೂಲೆಯಿಂದ ಬರುವ ನಾವಿಕರ ಎಲ್ಲ ಕುಟುಂಬಗಳಿಗೂ ಎಲ್ಲ ಕಾಲಕ್ಕೂ ಕ್ವಾರ್ಟರ್ಸ್ ಸಾಕಾಗುತ್ತದೆಂದು ನಂಬಿ ಕೂರುವಂತಿಲ್ಲ.

ಹಾಗಾಗಿ ಮೆಕ್‌ನಮಾರ ಮಾಡಿದ್ದನ್ನು ಕಾರವಾರದಲ್ಲೇ ಶುರುಮಾಡಬಹುದು. ಜಾತಿ, ಧರ್ಮ, ರೂಪ ನೋಡಿ ಯೋಧನ ಹೆಂಡತಿಯನ್ನು ಬಾಗಿಲಿಂದ ವಾಪಸು ಕಳಿಸಿದ ಮಾಲೀಕನ ಬಗ್ಗೆ ಅವಳು ನೌಕಾನೆಲೆಗೆ ಅಥವಾ ಸೈನಿಕ ಕಲ್ಯಾಣ ಇಲಾಖೆಗೆ ದೂರು ಕೊಡುವಂತಾಗಲಿ. ದೂರು ನಿಜವೆಂದು ಗೊತ್ತಾದರೆ ಆ ಕಟ್ಟಡಕ್ಕೆ ಮುಂದೆ ಯಾವ ನಾವಿಕನೂ ಬಾಡಿಗೆಗೆ ಹೋಗಬಾರದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನೆಲೆಯ ಮುಖ್ಯಸ್ಥರ ಆದೇಶ ಸಾಕು. ಊರೂರಿಗೆ ಅನ್ವಯವಾಗಬೇಕೆಂದರೆ ಮಾತ್ರ ವಿಧಾನಸಭೆ ಕೈಹಾಕಬೇಕು. ಜಾತಿ, ಧರ್ಮ, ಮೈಬಣ್ಣ ಅಥವಾ ಗಂಡ ಜೊತೆಗಿಲ್ಲವೆಂಬ ಕಾರಣಕ್ಕೆ ಮನೆ ನಿರಾಕರಿಸಿದರೆ ದಂಡ ಎಂಬ ಒಂದು ಕಲಮನ್ನು ಬಾಡಿಗೆ ಕಾಯ್ದೆಗೆ ಸೇರಿಸಲು, ಕರಾವಳಿಯ ಶಾಸಕರೇ ಮುಂದಿನ ಅಧಿವೇಶನದಲ್ಲಿ ಖಾಸಗಿ ಮಸೂದೆ ತರಬಹುದು.