ಫಲಕವೂ ಪಾಠವೂ

ಕಳೆದ ಎಳ್ಳಮಾವಾಸ್ಯೆ ಮುಗಿದು ನಾಲ್ಕಾರು ದಿನಗಳಾಗಿದ್ದುವು. ಔರಾದ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೀದರಿನ ನಮ್ಮ ಮನೆಗೆ ಬಂದು, ತನ್ನ ಮೊಬೈಲಿನಲ್ಲಿ ಎರಡು ವಿಡಿಯೋಗಳನ್ನು ತೋರಿಸಿದನು. ಮೊದಲನೆಯದು ಹನ್ನೆರಡು ನಿಮಿಷದ್ದು. ಅದರಲ್ಲಿ ಅವನ ಅಜ್ಜಿಯು ಹೊಲದಲ್ಲಿ ಕುಳಿತು, ಭಜ್ಜಿಗೆ ಯಾವ ಯಾವ ಕಾಳು, ಯಾವ ಯಾವ ಸೊಪ್ಪು ಬೀಳಬೇಕೆಂಬುದನ್ನೂ, ಜೋಳದ ಅಂಬಲಿಯನ್ನು ಹುಳಿಯೊಡೆಯದಂತೆ ಕಾಯುವ ಬಗೆಯನ್ನೂ, ಚರಗ ಚೆಲ್ಲುವ ಕ್ರಮವನ್ನೂ ಸಾವಕಾಶವಾಗಿ ಹೇಳುತ್ತಿದ್ದರು. ಎರಡನೆಯದು ನಲವತ್ತು ಸೆಕೆಂಡಿನದು. ಅದರಲ್ಲಿ ಅಜ್ಜಿಯ ಮುಖವಿತ್ತು, ಮಾತಿರಲಿಲ್ಲ, ಮಾತಿನ ಸ್ಥಾನದಲ್ಲಿ ಯಾವುದೋ ಸಿನಿಮಾದ ಹಾಡಿತ್ತು, ಮೇಲೆ ದೊಡ್ಡ ಹಳದಿ ಅಕ್ಷರಗಳಲ್ಲಿ "ನೋಡಿದರೆ ಬೆಚ್ಚಿಬೀಳುತ್ತೀರಿ!" ಎಂದು ಬರೆದಿತ್ತು. ಭಜ್ಜಿಯನ್ನು ಕಂಡು ಬೆಚ್ಚಿಬಿದ್ದವರನ್ನು ನಾನು ಈ ಅರವತ್ತೇಳು ವರ್ಷಗಳಲ್ಲಿ ನೋಡಿಲ್ಲ.

"ಹೀಗೇಕೆ ಮಾಡಿದೆಯಪ್ಪಾ?" ಎಂದು ಕೇಳಿದೆನು.

"ಶಿಬಿರದಾಗ ಹಂಗೇ ಹೇಳಿಕೊಟ್ಟಾರ್ರಿ ಗುರುಗಳೇ. ನಮ್ಮ ಆಯಿ ಮಾತು ಹೊರಗಿನ ಮಂದಿಗಿ ತಿಳಿಯಂಗಿಲ್ಲಂತ. ಹಿಂದ್ಯಾಗ ಮಾಡಿದ್ರ ಇನ್ನೂ ಚಲೋ ಅಂತ."

ನೋಟಕರನ್ನು ಕೂಡಿಸುವ ವಿದ್ಯೆಯನ್ನು ಹಣ ತೆಗೆದುಕೊಂಡು ಕಲಿಸುವ ಶಿಬಿರವದು. ಆ ವಿದ್ಯೆಯ ವಿಷಯವಾಗಿ ಎರಡು ಮಾತು ಬರೆಯುವುದು ಅವಶ್ಯವೆಂದು ತೋರಿದುದರಿಂದ ಈ ಲೇಖನ.

ಪೂರ್ವಪಕ್ಷವನ್ನು ನ್ಯಾಯವಾಗಿಯೇ ಹೇಳೋಣ. ಯೂಟ್ಯೂಬಿನಲ್ಲಿ ಒಬ್ಬನು ಜಾಹೀರಾತಿನ ಹುಟ್ಟುವಳಿಗೆ ಪಾಲುದಾರನಾಗಬೇಕಾದರೆ ಅವನ ಚಾನೆಲ್ಲಿಗೆ 1000 ಮಂದಿ ಚಂದಾದಾರರೂ, ಒಂದು ವರ್ಷದೊಳಗೆ 4000 ಗಂಟೆಗಳ ವೀಕ್ಷಣೆಯೂ ಕೂಡಬೇಕು; ಇಲ್ಲವೆ ಕಿರು ವಿಡಿಯೋಗಳಿಗೆ 90 ದಿನಗಳಲ್ಲಿ ಒಂದು ಕೋಟಿ ನೋಟಗಳು ಬರಬೇಕು. ಹಾಗೆ ಆದ ಮೇಲೆ ದೀರ್ಘ ವಿಡಿಯೋಗಳ ಜಾಹೀರಾತಿನಲ್ಲಿ ನೂರಕ್ಕೆ 55 ಪಾಲು ಅವನಿಗೆ ಸಲ್ಲುತ್ತದೆ. ನೋಡುವವರು ಯಾವ ಕ್ಷಣದಲ್ಲಿ ಬೇಸತ್ತು ಎದ್ದುಹೋದರೆಂಬುದನ್ನು ಆ ಯಂತ್ರವು ಗೆರೆಯೆಳೆದು ತೋರಿಸುವುದಂತೆ. ಇಂತಹ ಗೆರೆಯೊಂದು ನನ್ನ ತರಗತಿಯಲ್ಲಿ ಇದ್ದಿದ್ದರೆ ನನ್ನ ಪಾಠವೂ ಎಷ್ಟೋ ಸುಧಾರಿಸುತ್ತಿತ್ತು. ಔರಾದದಲ್ಲಿ ಮಳೆಯನ್ನು ನಂಬಿ ಸೋಯಾ, ತೊಗರಿ ಬಿತ್ತುವ ಮನೆಯ ಹುಡುಗನಿಗೆ ತಿಂಗಳಿಗೆ ನಾಲ್ಕು ಕಾಸು ಬರುವುದಾದರೆ, ನಿವೃತ್ತಿವೇತನವನ್ನು ಉಣ್ಣುವ ನಾನು ಅದನ್ನು ಹಳಿಯುವುದು ಅಧರ್ಮವೇ ಸರಿ.

ಓದುಗರನ್ನು ಹುಡುಕಿಕೊಂಡು ಹೋಗುವುದು ಕೀಳು ಕೆಲಸವೆಂದೂ ನಾನು ಹೇಳುವುದಿಲ್ಲ. ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಪ್ರಾರಂಭಿಸಿ, ಚಂದಾದಾರರ ಬಲದಿಂದಲೇ ಅದನ್ನು ನಡೆಯಿಸಿದರು. ಆದರೆ ಗಳಗನಾಥರು ಕಟ್ಟೆಯ ಮೇಲೆ ಕುಳಿತವರಿಗೆ ಏನು ಬೇಕೆಂದು ಎಣಿಸಿ, ರಾತ್ರಿ ಅದನ್ನು ಬರೆದು, ಬೆಳಗ್ಗೆ ಮಾರಲಿಲ್ಲ. ಬರೆದುದು ಮೊದಲು, ಹೊತ್ತುದು ಆಮೇಲೆ. ಹಾಗೆಯೇ, ಗ್ರಂಥಮಾಲೆಯ ಚಂದಾದಾರನು ಇನ್ನೂ ಅಚ್ಚಾಗದ ಪುಸ್ತಕಕ್ಕೆ ನಂಬಿ ಹಣ ಕೊಟ್ಟವನು. ಇಂದಿನ ಚಂದಾದಾರನಾದರೋ ಬೆರಳಿನಿಂದ ಒಮ್ಮೆ ಒತ್ತಿ ಮರೆತುಬಿಡಬಹುದು. ಇಬ್ಬರಿಗೂ ಹೆಸರು ಒಂದೇ ಆದರೂ ಸಂಬಂಧ ಒಂದೇ ಅಲ್ಲ.

ನಮ್ಮ ಶಾಸ್ತ್ರಕಾರರು ಕಾವ್ಯಕ್ಕೆ ಸಹೃದಯನು ಬೇಕೆಂದರು. ಸಹೃದಯನನ್ನು ಕೋಟಿಗಳಲ್ಲಿ ಎಣಿಸಬೇಕೆಂದು ಯಾರೂ ಹೇಳಲಿಲ್ಲ. ಭವಭೂತಿಯು ಮಾಲತೀಮಾಧವದಲ್ಲಿ, ಕಾಲವು ಕೊನೆಯಿಲ್ಲದ್ದು, ಭೂಮಿಯು ವಿಶಾಲವಾದುದು, ತನಗೆ ಸಮಾನಧರ್ಮನಾದವನು ಎಲ್ಲಿಯೋ ಎಂದೋ ಹುಟ್ಟುವನೆಂದು ನೆಚ್ಚಿದನು. ಹುಟ್ಟದೆ ಇದ್ದವನಿಗಾಗಿ ಕಾಯುವ ಧೈರ್ಯವನ್ನು ನಾನು ಆ ಹುಡುಗನಿಂದ ಬಯಸುವುದಿಲ್ಲ. ಹುಟ್ಟಿರುವವರನ್ನಾದರೂ ಗುರುತಿಸು ಎನ್ನುತ್ತೇನೆ. ಪುಣೆಯಲ್ಲಿ, ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ದುಡಿಯಲು ಹೋಗಿರುವ ನಮ್ಮ ಸೀಮೆಯ ಹೆಣ್ಣುಮಕ್ಕಳು ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಯ ಹಿಂದಿನ ದಿನ, "ಭಜ್ಜಿಗೆ ಏನೇನು ಹಾಕುತ್ತಿದ್ದರು?" ಎಂದು ನೆನೆಯುವರಲ್ಲವೆ? ಅವರಿಗೆ ಬೇಕಾದುದು ಆ ಹನ್ನೆರಡು ನಿಮಿಷಗಳು, ಸಿನಿಮಾದ ಹಾಡಲ್ಲ. ನಲವತ್ತು ಸೆಕೆಂಡಿನದನ್ನು ಲಕ್ಷ ಮಂದಿ ನೋಡಿ ಮರೆಯಬಹುದು. ಹನ್ನೆರಡು ನಿಮಿಷದ್ದನ್ನು ನೂರು ಮಂದಿ ಪ್ರತಿವರ್ಷವೂ ಹುಡುಕಿಕೊಂಡು ಬರುವರು. ವ್ಯಾಪಾರದ ಲೆಕ್ಕದಿಂದ ನೋಡಿದರೂ ಯಾವ ಗಿರಾಕಿ ಒಳ್ಳೆಯವನು?

ಇನ್ನು ಭಾಷೆಯ ಮಾತು. ನಮ್ಮ ನುಡಿಯು ಹೊರಗಿನವರಿಗೆ ತಿಳಿಯದು, ಆದುದರಿಂದ ಅದನ್ನು ಬಿಡಬೇಕು ಎಂಬುದು ಆ ಶಿಬಿರದ ಸಿದ್ಧಾಂತ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿತು. ನಮ್ಮ ಮಾಂಜ್ರಾ ನದಿಯು ಹೋಗಿ ಸೇರುವುದು ಆ ಗೋದಾವರಿಯನ್ನೇ. ಅದೇ ಗ್ರಂಥವು, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷವನ್ನು ಇಷ್ಟೆಂದು ಎಣಿಸಹೊರಟರೆ ವಾಸುಕಿಯೂ ಬೇಸರಗೊಂಡಾನೆಂದು ಹೇಳಿದೆ. ಸಾವಿರ ವರ್ಷಗಳ ಹಿಂದೆಯೇ 'ಕನ್ನಡಗಳು' ಅನೇಕವಾಗಿದ್ದುವು. ನಾಡು ಒಂದೇ ಆಗಿತ್ತು. ಮರಾಠಿ, ಉರ್ದು, ತೆಲುಗುಗಳ ನೆರೆಯಲ್ಲಿ ಬೆಳೆದ ನಮ್ಮ ಮಾತು ಆ ಕನ್ನಡಗಳಲ್ಲೊಂದು. ಹೊರಗಿನವರಿಗೆ ತಿಳಿಯದ ಒಂದು ಪದಕ್ಕೆ ಕೆಳಗೆ ಅರ್ಥವನ್ನು ಬರೆಯಬಹುದು. ಅದಕ್ಕಾಗಿ ಅಜ್ಜಿಯ ಬಾಯನ್ನು ಮುಚ್ಚಿಸಬೇಕೆ?

ಇಲ್ಲಿ ಭಾಲ್ಕಿಯ ಒಂದು ನೆನಪನ್ನು ತರಬೇಕು. 1948ರ ಸೆಪ್ಟೆಂಬರದವರೆಗೆ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆ ಕಚೇರಿಗಳಲ್ಲಿ ಉರ್ದುವೇ ಮುಂದು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ, ಒಳಗೆ ಕನ್ನಡವನ್ನು ಕಲಿಸಿದರೆಂಬುದು ಇಲ್ಲಿಯ ಮನೆಮಾತು. ಶಿಬಿರದ ಪಂಡಿತರೇ, ಫಲಕದ ಉಪಯೋಗವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಅವರು! ಪಾಠವನ್ನು ಉಳಿಸುವುದಕ್ಕಾಗಿ ಅವರು ಫಲಕವನ್ನು ಬದಲಿಸಿದರು. ನೀವು ಫಲಕಕ್ಕಾಗಿ ಪಾಠವನ್ನೇ ಬದಲಿಸಿರೆನ್ನುತ್ತೀರಿ. ಅರಸೊತ್ತಿಗೆಯ ಭಯದಲ್ಲಿಯೂ ಹೋಗದ ಕನ್ನಡವು, 1956ರ ನವೆಂಬರ್ 1ರಿಂದ ಕನ್ನಡ ರಾಜ್ಯದಲ್ಲಿಯೇ ಇರುವ ಈ ಜಿಲ್ಲೆಯಲ್ಲಿ ಎಣಿಕೆಯ ಭಯದಿಂದ ಹೋಗಬೇಕೆ?

ಎಣಿಕೆಯ ಸಂಪತ್ತಾದರೂ ಸ್ಥಿರವೆ? 2020ರ ಜೂನ್ 29ರಂದು ಕೇಂದ್ರ ಸರ್ಕಾರವು ಟಿಕ್‌ಟಾಕ್ ಮೊದಲಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಅನುಯಾಯಿಗಳನ್ನು ಕೂಡಿಸಿದ್ದವರು ಹೊತ್ತು ಮೂಡುವುದರೊಳಗೆ ಬರಿಗೈಯವರಾದರು. ನಿಷೇಧದ ನ್ಯಾಯಾನ್ಯಾಯಗಳು ಹಾಗಿರಲಿ. ಕಲಿಯತಕ್ಕ ಪಾಠ ಒಂದಿದೆ. ಪರರ ಅಂಗಡಿಯಲ್ಲಿ ಕೂಡಿದ ಜನರು ಅಂಗಡಿಯವನ ಜನರು. ನಮ್ಮ ಹೆಸರನ್ನೂ ಊರನ್ನೂ ಬಲ್ಲವರು ಮಾತ್ರ ಅಂಗಡಿ ಮುಚ್ಚಿದರೂ ಹುಡುಕಿಕೊಂಡು ಬರುವರು.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆನು. ಅವನು ತಲೆತಗ್ಗಿಸಿ ಕೇಳಿ, ಕೊನೆಗೆ ಮೆಲ್ಲಗೆ ಅಂದನು: "ಖರೇ ಅದರಿ ಗುರುಗಳೇ. ಆದ್ರ ಏಳನೇತ್ಯಾಗ ನಾ ನಿಬಂಧದಾಗ 'ಆಯಿ' ಅಂತ ಬರದಿದ್ದೆ. ನೀವು ಕೆಂಪು ಪೆನ್ನಿಲೆ ಹೊಡದು 'ಅಜ್ಜಿ' ಅಂತ ತಿದ್ದಿದ್ರಿ."

ವಾಚಕ ಮಹಾಶಯರೇ, ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತನಾಲ್ಕು ವರ್ಷಗಳ ಕಾಲ ನಾನು ಆ ಕೆಂಪು ಶಾಯಿಯನ್ನು ಉಪಯೋಗಿಸಿದವನು. ಶುದ್ಧ ಭಾಷೆಯನ್ನು ಕಲಿಸಬೇಕಾದುದು ಉಪಾಧ್ಯಾಯನ ಧರ್ಮ, ನಿಜ. ಆದರೆ ಮನೆಯ ಮಾತು ನಾಚಿಕೆಗೇಡಿನದೆಂಬ ಭಾವನೆಯನ್ನು ಅದರೊಡನೆ ಕಲಿಸಬೇಕಾಗಿರಲಿಲ್ಲ. 1960, 1985, 2006, ಹೀಗೆ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದ ಊರು ಈ ಬೀದರ. ಇಂತಹ ಊರಿನ ಪಂಡಿತರಾದ ನಾವು ಈ ಹುಡುಗರ ಮಾತನ್ನು ಮೊದಲು ನಾಚಿಸಿದೆವು. ಶಿಬಿರದವರು ನಾಚಿದುದನ್ನು ಅಳಿಸಲು ಬಂದರು. ಅವರ ತಪ್ಪಿನ ಬೇರು ನಮ್ಮ ಮೇಜಿನ ಮೇಲಿತ್ತು.

ಆದುದರಿಂದ ಈ ಲೇಖನವನ್ನು ಬೈಗುಳದಿಂದ ಮುಗಿಸುವುದು ಉಚಿತವಲ್ಲ. ಆ ಹುಡುಗನಿಗೆ ಹೇಳಿದ ನಾಲ್ಕು ಮಾತುಗಳನ್ನು ಎಲ್ಲ ತರುಣರಿಗೂ ಹೇಳುತ್ತೇನೆ. ತಲೆಬರಹದಲ್ಲಿ ಬೆಚ್ಚಿಬೀಳಿಸಬೇಡಿರಿ, ಊರಿನ ಹೆಸರು, ಹಬ್ಬದ ಹೆಸರು, ಅಡಿಗೆಯ ಹೆಸರನ್ನು ಬರೆಯಿರಿ, ಹುಡುಕುವವನಿಗೆ ಸಿಕ್ಕುವುದು ಅದೇ. ಮಾಸಪತ್ರಿಕೆಗೆ ತಿಥಿಯಿರುವಂತೆ ನಿಮ್ಮ ಕೆಲಸಕ್ಕೂ ಒಂದು ವಾರವನ್ನು ಗೊತ್ತುಮಾಡಿ, ತಪ್ಪದೆ ನಡೆಯಿಸಿರಿ. ಹತ್ತು ಮಂದಿ ಬರೆದರೆ ಹತ್ತು ಮಂದಿಗೂ ಹೆಸರು ಹಿಡಿದು ಉತ್ತರ ಕೊಡಿರಿ. ಮೂಲ ಚಿತ್ರಣವನ್ನು ಯಂತ್ರದ ಮೇಲೆ ಭಾರಹಾಕಿ ಬಿಡದೆ ನಿಮ್ಮಲ್ಲಿಯೇ ಎರಡು ಪ್ರತಿಗಳನ್ನು ಇಟ್ಟುಕೊಳ್ಳಿರಿ; ಆ ಮುಖ, ಆ ಕಂಠ ಮತ್ತೆ ದೊರೆಯುವುದಿಲ್ಲ.

ಹಿರಿಯರಿಗೂ ಒಂದು ಮಾತು. ನಮ್ಮ ಮಕ್ಕಳು ಕೆಟ್ಟುದನ್ನು ತೋರಿಸುತ್ತಾರೆಂದು ಗೊಣಗುವ ನಾವು, ಒಳ್ಳೆಯದನ್ನು ತೋರಿಸಿದ ದಿನ ಎಲ್ಲಿರುತ್ತೇವೆ? ಪೂರ್ತಿ ನೋಡಿ, ಎರಡು ಸಾಲು ಬರೆದರೆ ನಮ್ಮ ಪಾಂಡಿತ್ಯಕ್ಕೆ ಕುಂದಿಲ್ಲ. ಅವರು ಬೇಡುತ್ತಿರುವ ಸಹೃದಯನು ಭವಭೂತಿಯವನಂತೆ ಇನ್ನೂ ಹುಟ್ಟಬೇಕಾದವನಲ್ಲ, ನಾವೇ ಆಗಬಹುದು.

ಹುಡುಗನು ಹನ್ನೆರಡು ನಿಮಿಷದ್ದನ್ನು ಹಾಗೆಯೇ ಪ್ರಕಟಿಸಿದ್ದಾನೆ. "ಔರಾದ ಸೀಮೆಯ ಎಳ್ಳಮಾವಾಸ್ಯೆಯ ಭಜ್ಜಿ: ನಮ್ಮ ಆಯಿ ಹೇಳಿದ್ದು" ಎಂದು ಅದರ ತಲೆಬರಹ. ಈ ಸಲ ನಾನು ತಿದ್ದಲಿಲ್ಲ.