ಮಿಕ್ಕಿದ ದಾರ, ಬೇಕಾದ ಕುಲಾವಿ

ನಮ್ಮ ಕಾಲೇಜುಗಳಲ್ಲಿ ದಾನ ಅಂದ್ರೆ ಸಾಮಾನ್ಯವಾಗಿ ಒಂದು ರಟ್ಟಿನ ಡಬ್ಬ. ಸೆಮಿಸ್ಟರ್ ಮುಗಿಯೋ ವಾರ ಅದನ್ನ ಹಾಸ್ಟೆಲ್ ಬಾಗಿಲಲ್ಲಿ ಇಡ್ತಾರೆ. ರೂಮು ಖಾಲಿ ಮಾಡುವಾಗ ಬೇಡವಾದದ್ದೆಲ್ಲ ಅದರೊಳಗೆ ಬೀಳುತ್ತೆ: ಮೊಣಕಾಲಲ್ಲಿ ಹರಿದ ಜೀನ್ಸ್, ಎರಡು ವರ್ಷ ಹಿಂದಿನ ಫೆಸ್ಟ್ ಟಿ-ಶರ್ಟ್, ಜೊತೆ ಕಳೆದುಕೊಂಡ ಸಾಕ್ಸ್. ಡಬ್ಬ ತುಂಬಿದ ಮೇಲೆ ಒಂದು ಫೋಟೊ, ಒಂದು ಸ್ಟೇಟಸ್. ಆ ಬಟ್ಟೆ ಯಾರಿಗೆ ಹೋಯ್ತು, ಅವರು ಅದನ್ನ ಹಾಕಿಕೊಂಡ್ರಾ ಅಂತ ಕೇಳೋರು ಕಡಿಮೆ. ಮಿಕ್ಕಿದ್ದನ್ನ ಕೊಡೋದ್ರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಡೋದಕ್ಕೂ ಒಂದು ಲೆಕ್ಕಾಚಾರ ಬೇಕು. ಅದನ್ನ ಕಲಿಯೋಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಾವು ಉಲ್ಲನ್ ಹೆಣೆಯುವವರ ಹತ್ರ ಹೋಗ್ಬೇಕು ಅನ್ನೋದು ನನ್ನ ವಾದ.

ಒಂದು ಸ್ವೆಟರ್ ಮುಗಿದಾಗ ಯಾವಾಗಲೂ ಅರ್ಧ ಉಂಡೆ, ಕಾಲು ಉಂಡೆ ದಾರ ಮಿಕ್ಕುತ್ತೆ. ಇನ್ನೊಂದು ಸ್ವೆಟರಿಗೆ ಅದು ಸಾಲಲ್ಲ, ಬಿಸಾಡೋಕೆ ಮನಸ್ಸು ಬರಲ್ಲ. ಜಗತ್ತಿನ ಎಷ್ಟೋ ಊರುಗಳಲ್ಲಿ ಹೆಣಿಗೆ ಬಲ್ಲವರು ಗುಂಪು ಕಟ್ಟಿಕೊಂಡು ಇಂಥ ದಾರವನ್ನ ದಾನಕ್ಕೆ ಬಳಸ್ತಾರೆ. 'ನಿಟ್ ಎ ಸ್ಕ್ವೇರ್' ಅನ್ನೋ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಆಫ್ರಿಕಾದ ಅನಾಥ ಮಕ್ಕಳಿಗೆ ಕಂಬಳಿ ಮಾಡಲು ಅವರು ಕೇಳೋದು ಪೂರ್ತಿ ಕಂಬಳಿಯನ್ನಲ್ಲ, 8 ಇಂಚು ಉದ್ದ, 8 ಇಂಚು ಅಗಲದ ಒಂದು ಚೌಕವನ್ನ. ಅಂಥ 35 ಚೌಕ ಜೋಡಿಸಿದ್ರೆ ಒಂದು ಕಂಬಳಿ.

ಇದರ ಒಳಗಿನ ಜಾಣತನ ನೋಡಿ. ಬಣ್ಣ ಯಾವುದಾದರೂ ಇರಲಿ, ಹೆಣೆಯುವವರು ಯಾವ ದೇಶದವರಾದರೂ ಆಗಲಿ, ಅಳತೆ ಮಾತ್ರ ಒಂದೇ ಇರಬೇಕು. ಎಲ್ಲಿ ಸ್ವಾತಂತ್ರ್ಯ ಕೊಡಬಹುದು, ಎಲ್ಲಿ ಕೊಡಬಾರದು ಅಂತ ಮೊದಲೇ ತೀರ್ಮಾನಿಸಿದ್ದಾರೆ. ನಾವು ಇದನ್ನ ಸ್ಟ್ಯಾಂಡರ್ಡ್ ಇಂಟರ್‌ಫೇಸ್ ಅಂತ ಕರೆದು ಪರೀಕ್ಷೇಲಿ ಹತ್ತು ಮಾರ್ಕ್ಸಿಗೆ ಬರೀತೀವಿ. ಅಳತೆ ತಪ್ಪಬಾರದು ಅಂತ ಹೆಣೆಯುವವರು ಮೊದಲು ಸಣ್ಣ ತುಂಡೊಂದನ್ನ ಹೆಣೆದು, 10 ಸೆಂಟಿಮೀಟರಿಗೆ ಎಷ್ಟು ಹೊಲಿಗೆ ಬಂತು ಅಂತ ಎಣಿಸ್ತಾರೆ. ದಾರದ ದಪ್ಪ, ಕಡ್ಡಿಯ ಗಾತ್ರ, ಕೈಯ ಬಿಗಿ ಮೂರೂ ಸೇರಿ ಆ ಸಂಖ್ಯೆಯನ್ನ ತೀರ್ಮಾನಿಸುತ್ವೆ. ನಮ್ಮ ಲ್ಯಾಬಿನ ಕ್ಯಾಲಿಬ್ರೇಶನ್ ಇದಕ್ಕಿಂತ ಬೇರೆ ಏನಲ್ಲ.

ಹಾಗಂತ ಈ ಗುಂಪುಗಳು ಎಡವೋದೇ ಇಲ್ಲ ಅಂತಲ್ಲ. 2001ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ದ್ವೀಪದ ಬಳಿ ಸಮುದ್ರಕ್ಕೆ ತೈಲ ಚೆಲ್ಲಿ 438 ಪುಟ್ಟ ಪೆಂಗ್ವಿನ್‌ಗಳ ಮೈಗೆ ಎಣ್ಣೆ ಮೆತ್ತಿಕೊಂಡಿತ್ತು. ಎಣ್ಣೆ ಹತ್ತಿದ ರೆಕ್ಕೆಪುಕ್ಕ ನೀರನ್ನ ತಡೆಯಲ್ಲ, ಹಕ್ಕಿ ಚಳಿಗೆ ಸಿಕ್ಕುತ್ತೆ. ಕೊಕ್ಕಿನಿಂದ ಮೈ ಉಜ್ಜಿಕೊಂಡ್ರೆ ವಿಷ ಹೊಟ್ಟೆಗೆ ಹೋಗುತ್ತೆ. ತೊಳೆಯೋವರೆಗೆ ಇವೆರಡನ್ನೂ ತಡೆಯೋಕೆ ಕೈಯಲ್ಲಿ ಹೆಣೆದ ಸ್ವೆಟರ್ ತೊಡಿಸಿದ್ರು. ನೂರಕ್ಕೆ 96 ಹಕ್ಕಿಗಳು ಚೇತರಿಸಿಕೊಂಡು ಸಮುದ್ರಕ್ಕೆ ಮರಳಿದವು. ಸುದ್ದಿ ಹರಡಿದ ಮೇಲೆ ಮುಂದಿನ ವರ್ಷಗಳಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಸ್ವೆಟರ್ ಅಲ್ಲಿಗೆ ಬಂದು ಬಿದ್ದವು. ಹೆಚ್ಚಾದದ್ದನ್ನ ಗೊಂಬೆ ಪೆಂಗ್ವಿನ್‌ಗಳಿಗೆ ತೊಡಿಸಿ, ಮಾರಿ, ಸಂರಕ್ಷಣೆಗೆ ಹಣ ಮಾಡಿಕೊಂಡ್ರು. ಅಲ್ಲಿ ದಾರಿ ಸಿಕ್ಕಿತು. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನದ ಹಳೇಬಟ್ಟೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು. ಮನೆ ಕಳೆದುಕೊಂಡವರಿಗೂ ತಮಗೇನು ಬೇಕು, ಏನು ಬೇಡ ಅನ್ನೋ ಮರ್ಯಾದೆ ಇರುತ್ತೆ ಅನ್ನೋದನ್ನ ಕೊಟ್ಟವರು ಮರೆತಿದ್ರು.

'ಇಷ್ಟೆಲ್ಲ ಯಾಕೆ, ದುಡ್ಡು ಕಳಿಸಿದ್ರೆ ಆಯ್ತಲ್ಲ ಗುರು' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಷ್ಟೋ ಸಲ ದುಡ್ಡೇ ಸರಿ. ಸಗಟಿನಲ್ಲಿ ಕೊಂಡ ಕಂಬಳಿ ನಾವು ಹೆಣೆದದ್ದಕ್ಕಿಂತ ಅಗ್ಗ, ಬೇಗ ಸಿಗುತ್ತೆ. ಆದರೆ ಕೆಲವು ಕಡೆ ಕೈಹೆಣಿಗೆಯೇ ಹೊಂದುತ್ತೆ. ಅವಧಿಗೆ ಮುಂಚೆ ಹುಟ್ಟಿದ ಕೂಸನ್ನ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಬೆಚ್ಚಗಿಡುವ ಕಾಂಗರೂ ಆರೈಕೆ ಇದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನ ವ್ಯಾಪಕವಾಗಿ ಜಾರಿಗೆ ತರುವ ಅಧ್ಯಯನ ನಡೆದಿದೆ. ಆಗ ಕೂಸಿಗೆ ಇರೋದು ಲಂಗೋಟಿ, ಕಾಲುಚೀಲ ಮತ್ತು ತಲೆಗೊಂದು ಕುಲಾವಿ ಅಷ್ಟೆ. ತುಂಬು ತಿಂಗಳ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. ಬೇಗ ಹುಟ್ಟಿದ ಕೂಸಿನದ್ದು 30ಕ್ಕಿಂತ ಕಡಿಮೆ ಇರಬಹುದು. ಅಂಗಡಿಯ ಕುಲಾವಿ ಕಣ್ಣಿನ ಮೇಲೆ ಜಾರುತ್ತೆ. ಅಷ್ಟು ಪುಟ್ಟ ಕುಲಾವಿಗೆ ಮಿಕ್ಕ ಅರ್ಧ ಉಂಡೆ ದಾರ ಸಾಕು. ಆದರೂ ಆಸ್ಪತ್ರೆಯವರನ್ನ ಕೇಳದೆ ಹೆಣೆಯಬಾರದು. ರಾಯಚೂರಿನ ಬೇಸಿಗೆಗೆ ದಪ್ಪ ಉಲ್ಲನ್ ಬೇಡ ಅನ್ನಬಹುದು, ಬಿಸಿನೀರಲ್ಲಿ ತೊಳೆಯೋಕೆ ಆಗಬೇಕು ಅನ್ನಬಹುದು, ಗುಂಡಿ, ಕುಚ್ಚು ಯಾವುದೂ ಇರಬಾರದು ಅನ್ನಬಹುದು.

ಈ ಬುದ್ಧಿ ನಮಗೆ ಹೊರಗಿನಿಂದಲೇ ಬರಬೇಕು ಅಂತೇನಿಲ್ಲ. ಉತ್ತರ ಕರ್ನಾಟಕದಲ್ಲಿ ಹಳೆ ಸೀರೆ, ಧೋತರದ ತುಂಡುಗಳನ್ನ ಸೇರಿಸಿ ಕೌದಿ ಹೊಲಿಯುವ ಅಜ್ಜಿಗೆ ಅದನ್ನ ಹೊದೆಯೋದು ಯಾರು, ಅವರೆಷ್ಟು ಎತ್ತರ ಅಂತ ಗೊತ್ತಿರುತ್ತೆ. ಬಟ್ಟೆ ಹಳೇದು, ಹೊಲಿಗೆ ಮಾತ್ರ ಆ ಮನುಷ್ಯನಿಗೇ ಅಂತ ಹಾಕಿದ್ದು.

ಹಾಗಾಗಿ ಕ್ಯಾಂಪಸ್ಸಿಗೆ ನನ್ನದೊಂದು ಸಲಹೆ. ನಮ್ಮಲ್ಲಿ ಉಲ್ಲನ್ ಇಲ್ಲ, ಫೆಸ್ಟ್ ಟಿ-ಶರ್ಟ್ ಬೇಕಾದಷ್ಟಿದೆ. ಟಿ-ಶರ್ಟ್ ಬಟ್ಟೆಯೂ ಹೆಣಿಗೆಯದ್ದೇ, ಯಂತ್ರ ಹೆಣೆದದ್ದು. ಸುರುಳಿಯಾಗಿ ಒಂದೇ ಪಟ್ಟಿ ಕತ್ತರಿಸಿ ಎಳೆದ್ರೆ ಅಂಚು ಒಳಕ್ಕೆ ಮಡಚಿಕೊಂಡು ದಪ್ಪ ದಾರ ಆಗುತ್ತೆ. ಕ್ರೋಶೆ ಕಡ್ಡಿಯಿಂದ ಅದರಲ್ಲಿ ಕೂರುವ ಮ್ಯಾಟ್ ಹೆಣೆಯಬಹುದು. ಈ ಸಲ ಡಬ್ಬ ಇಡೋ ಮುಂಚೆ ಇಬ್ಬರು ಹತ್ತಿರದ ಅಂಗನವಾಡಿಗೆ ಹೋಗಿ ಬನ್ನಿ. ಮ್ಯಾಟ್ ಬೇಕಾ, ಎಷ್ಟು ಬೇಕು, ಯಾವ ಅಳತೆ, ತೊಳೆದ್ರೆ ಒಣಗಿಸೋಕೆ ಜಾಗ ಇದೆಯಾ ಅಂತ ಟೀಚರಮ್ಮನನ್ನ ಕೇಳಿ ಬರೆದುಕೊಳ್ಳಿ. ಅವರು 'ಮ್ಯಾಟ್ ಬೇಡಪ್ಪ, ಫ್ಯಾನ್ ರಿಪೇರಿ ಮಾಡಿಕೊಡಿ' ಅಂದ್ರೆ ಟಿ-ಶರ್ಟ್ ಹಾಸ್ಟೆಲಲ್ಲೇ ಬಿಟ್ಟು ಸ್ಕ್ರೂಡ್ರೈವರ್, ಟೆಸ್ಟರ್ ತಗೊಂಡು ಹೋಗಿ.